ಫೆನ್‌ವೇ ಪಾರ್ಕಿನ ಒಂದು ದಿನದ ಪಿಚರ್‌ಗಳು

ಅಮೆರಿಕದ ಬಾಸ್ಟನ್ ನಗರದಲ್ಲಿ ಗ್ರೀನ್ ಲೈನ್ ರೈಲು ಹಿಡಿದು ಕೆನ್‌ಮೋರ್ ನಿಲ್ದಾಣದಲ್ಲಿ ಇಳಿದರೆ, ಫೆನ್‌ವೇ ಪಾರ್ಕ್‌ಗೆ ಕೆಲವೇ ನಿಮಿಷದ ನಡಿಗೆ. ಹೊರಗಿನಿಂದ ನೋಡಿದರೆ ಕ್ರೀಡಾಂಗಣ ಎನ್ನಿಸುವುದೇ ಇಲ್ಲ. ಕೆಂಪು ಇಟ್ಟಿಗೆಯ ಹಳೇ ಗೋದಾಮಿನ ಹಾಗೆ ಕಾಣುತ್ತದೆ. ಇದು ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಮೈದಾನ. 1912ರ ಏಪ್ರಿಲ್ 20ರಂದು ಇಲ್ಲಿ ಮೊದಲ ಲೀಗ್ ಪಂದ್ಯ ನಡೆಯಿತು. ಮೇಜರ್ ಲೀಗ್ ತಂಡಗಳು ಈಗಲೂ ಆಡುತ್ತಿರುವ ಮೈದಾನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಪಂದ್ಯ ಇಲ್ಲದ ಹೊತ್ತಿನಲ್ಲಿ ಟಿಕೆಟ್ ಕೊಂಡು ಒಳಗೆಲ್ಲ ಸುತ್ತಾಡಬಹುದು. ಮಗಳ ಮನೆಯಲ್ಲಿದ್ದಾಗ ಮೊಮ್ಮಗನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಮೊದಲು ಕಣ್ಣಿಗೆ ಬೀಳುವುದು ಎಡಗಡೆಯ ಹಸಿರು ಗೋಡೆ. 37 ಅಡಿ 2 ಅಂಗುಲ ಎತ್ತರ. ಅದಕ್ಕೆ ಗ್ರೀನ್ ಮಾನ್‌ಸ್ಟರ್, ಅಂದರೆ ಹಸಿರು ರಾಕ್ಷಸ ಎಂದು ಹೆಸರು. ಗೋಡೆಯ ಬುಡದಲ್ಲೇ ಸ್ಕೋರ್‌ಬೋರ್ಡ್. ಅದರ ಅಂಕಿಗಳ ಹಲಗೆಗಳನ್ನು ಇವತ್ತಿಗೂ ಕೈಯಿಂದಲೇ ಬದಲಿಸುತ್ತಾರೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಕೈಯಲ್ಲೇ ಲೆಡ್ಜರ್ ಬರೆದ ನನಗೆ ಇದನ್ನು ಕಂಡು ಸಂತೋಷವಾಯಿತು.

ಮೈದಾನದೊಳಗೆ 10 ಅಂಗುಲ ಎತ್ತರದ ಒಂದು ಮಣ್ಣಿನ ದಿಬ್ಬ ಇದೆ. ಬ್ಯಾಟ್ ಹಿಡಿದವನು ನಿಲ್ಲುವ ಜಾಗದಿಂದ ಅಲ್ಲಿಗೆ 60 ಅಡಿ 6 ಅಂಗುಲ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ಅದರ ಮೇಲೆ. ಅದನ್ನು ನೋಡುತ್ತಿದ್ದ ಮೊಮ್ಮಗ ಕೇಳಿದ: "ತಾತ, ಪಿಚರ್‌ಗಳೆಲ್ಲ ಮುಗಿದುಹೋದರೆ ಯಾರು ಎಸೀತಾರೆ?"

ಒಳ್ಳೆಯ ಪ್ರಶ್ನೆ. ಕ್ರಿಕೆಟ್‌ನಲ್ಲಾದರೆ ನಾಯಕ ಯಾರ ಕೈಗೆ ಬೇಕಾದರೂ ಚೆಂಡು ಕೊಡಬಹುದು. 2002ರಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಭಾರತದ ಹನ್ನೊಂದು ಜನರೂ, ವಿಕೆಟ್ ಕೀಪರ್ ಸಹಿತ, ಬೌಲ್ ಮಾಡಿದ್ದರು. ನಮ್ಮ ರಾಹುಲ್ ದ್ರಾವಿಡ್ ಅವರಿಗೆ ಟೆಸ್ಟ್ ಬದುಕಿನ ಒಂದೇ ಒಂದು ವಿಕೆಟ್ ಸಿಕ್ಕಿದ್ದು ಅಲ್ಲೇ. ಬೇಸ್‌ಬಾಲ್‌ನಲ್ಲಿ ಪಿಚರ್ ಎಂದರೆ ಬೇರೆಯೇ ಜಾತಿ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎಸೆದು ಎಸೆದು ಭುಜ, ಮೊಣಕೈ ಸವೆಯುತ್ತವೆ. ಒಂದು ಪಂದ್ಯ ಆರಂಭಿಸಿದ ಪಿಚರ್‌ಗೆ ಸಾಮಾನ್ಯವಾಗಿ ನಾಲ್ಕೈದು ದಿನ ವಿಶ್ರಾಂತಿ ಕೊಡುತ್ತಾರೆ. ವರ್ಷಕ್ಕೆ ಆಡಬೇಕಾದ್ದು 162 ಪಂದ್ಯ! ಜೊತೆಗೆ ಇನ್ನೊಂದು ನಿಯಮ: ಒಮ್ಮೆ ಬದಲಿಯಾಗಿ ಹೊರಗೆ ಹೋದವನು ಆ ಪಂದ್ಯಕ್ಕೆ ಮರಳುವಂತಿಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದು ರನ್ ಸಮವಾದರೆ ಯಾರಾದರೂ ಗೆಲ್ಲುವವರೆಗೆ ಆಟ ಮುಂದುವರಿಯುತ್ತದೆ. ಆಗ ಪಿಚರ್‌ಗಳು ನಿಜಕ್ಕೂ ಮುಗಿದುಹೋಗಬಹುದು. ಇಲ್ಲವೇ ಸೋಲು ಖಾತ್ರಿಯಾದ ಪಂದ್ಯದಲ್ಲಿ, ನಾಳೆಗೆ ಬೇಕಾದ ತೋಳುಗಳನ್ನು ಇವತ್ತೇ ಏಕೆ ದಣಿಸಬೇಕು ಎಂದು ಯಾವನೋ ಫೀಲ್ಡರ್‌ನನ್ನು ದಿಬ್ಬಕ್ಕೆ ಕಳಿಸುತ್ತಾರೆ. ನಮ್ಮ ಬ್ಯಾಂಕಿನಲ್ಲಿ ಕ್ಯಾಶಿಯರ್ ರಜೆ ಹಾಕಿದ ದಿನ ಟೈಪಿಸ್ಟ್ ಕ್ಯಾಶ್ ಕೌಂಟರಿನಲ್ಲಿ ಕೂತ ಹಾಗೆ.

ಬಲಗಡೆ ಗ್ಯಾಲರಿಯ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ ಇದೆ. 1946ರಲ್ಲಿ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಬಂದು ಬಿದ್ದ ಜಾಗ ಅದು. ವಿಲಿಯಮ್ಸ್ ರೆಡ್ ಸಾಕ್ಸ್‌ನ ಮಹಾನ್ ಬ್ಯಾಟರ್. ಆದರೆ ಅವರೂ ಒಮ್ಮೆ ಈ ದಿಬ್ಬ ಹತ್ತಿದ್ದಾರೆ. 1940ರ ಆಗಸ್ಟ್ 24, ಡೆಟ್ರಾಯಿಟ್ ವಿರುದ್ಧದ ಪಂದ್ಯ. ಅವರಿಗಿನ್ನೂ 22 ತುಂಬಿರಲಿಲ್ಲ. ರೆಡ್ ಸಾಕ್ಸ್ ಹೀನಾಯವಾಗಿ ಸೋಲುತ್ತಿತ್ತು. ಕೊನೆಯ ಎರಡು ಇನ್ನಿಂಗ್ಸ್ ಎಸೆದ ವಿಲಿಯಮ್ಸ್ ಬಿಟ್ಟುಕೊಟ್ಟದ್ದು ಒಂದೇ ರನ್. ರೂಡಿ ಯಾರ್ಕ್ ಎಂಬ ಬಲಶಾಲಿ ಬ್ಯಾಟರ್‌ನನ್ನು ಔಟ್ ಕೂಡ ಮಾಡಿದರು. ಪಂದ್ಯ 12–1ರಲ್ಲಿ ಹೋಯಿತು, ಅದು ಬೇರೆ ಮಾತು. ಆ ದಿನ ಅವರ ಎಸೆತಗಳನ್ನು ಹಿಡಿದ ಕ್ಯಾಚರ್ ಜೋ ಗ್ಲೆನ್. 1933ರಲ್ಲಿ ಬೇಬ್ ರೂತ್ ಕೊನೆಯ ಬಾರಿ ಪಿಚ್ ಮಾಡಿದಾಗಲೂ ಕ್ಯಾಚರ್ ಆಗಿದ್ದವರು ಅವರೇ.

ಎಲ್ಲರಿಗೂ ಹೀಗೆ ಸುಸೂತ್ರವಾಗಿ ಮುಗಿಯಲಿಲ್ಲ. 1988ರಲ್ಲಿ ಒಂದೇ ವರ್ಷ 42 ಹೋಮ್ ರನ್ ಹೊಡೆದು, 40 ಬೇಸ್ ಕದ್ದು ದಾಖಲೆ ಮಾಡಿದ್ದ ಹೋಸೆ ಕಾನ್ಸೆಕೊ 1993ರಲ್ಲಿ ಟೆಕ್ಸಸ್ ರೇಂಜರ್ಸ್ ತಂಡದಲ್ಲಿದ್ದರು. ಪಿಚ್ ಮಾಡಬೇಕೆಂದು ಅವರಿಗೆ ಬಹಳ ಆಸೆ. ಮೇ 29ರಂದು ಇದೇ ಫೆನ್‌ವೇಯಲ್ಲಿ ತಂಡ ಹೀನಾಯವಾಗಿ ಸೋಲುತ್ತಿದ್ದಾಗ ಎಂಟನೇ ಇನ್ನಿಂಗ್ಸ್‌ನಲ್ಲಿ ಚೆಂಡು ಕೈಗೆ ಬಂತು. ಮೂರು ರನ್ ಕೊಟ್ಟರು. ರನ್ ಹೋದರೆ ಹೋಗಲಿ, ಮೊಣಕೈಯ ಅಸ್ಥಿರಜ್ಜು ಹರಿಯಿತು. ಆಪರೇಷನ್ ಆಗಿ ಆ ವರ್ಷದ ಆಟವೇ ಕೈತಪ್ಪಿತು. ಒಂದು ಇನ್ನಿಂಗ್ಸ್‌ನ ಆಸೆಗೆ ಇಷ್ಟು ದೊಡ್ಡ ಬೆಲೆ! ಬೇಡ ಎನ್ನುವವರು ಆ ಹೊತ್ತಿಗೆ ಒಬ್ಬರಾದರೂ ಇರಬೇಕಿತ್ತು.

ನನಗೆ ಇಷ್ಟವಾದ ಕಥೆ 2012ರ ಮೇ 6ರದ್ದು. ಅಂದು ಭಾನುವಾರ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ ಬ್ಯಾಟ್ ಮಾಡುವುದಕ್ಕೆಂದೇ ತಂಡದಲ್ಲಿದ್ದರು. ಎಂಟು ಸಲ ಬ್ಯಾಟ್ ಹಿಡಿದರು, ಎಂಟು ಸಲವೂ ವ್ಯರ್ಥ. ಅದರಲ್ಲಿ ಐದು ಸ್ಟ್ರೈಕ್ ಔಟ್. ಪಂದ್ಯ 6–6ರಲ್ಲಿ ಸಿಕ್ಕಿಹಾಕಿಕೊಂಡು ಮುಗಿಯುವ ಲಕ್ಷಣವೇ ಇರಲಿಲ್ಲ. ಓರಿಯೋಲ್ಸ್‌ನ ಪಿಚರ್‌ಗಳು ಖಾಲಿಯಾದರು. ಹದಿನಾರನೇ ಇನ್ನಿಂಗ್ಸ್‌ನಲ್ಲಿ, ಕಾಲೇಜಿನ ದಿನಗಳಲ್ಲಿ ಪಿಚ್ ಮಾಡಿದ್ದ ಡೇವಿಸ್ ದಿಬ್ಬ ಹತ್ತಿದರು. ಅತ್ತ ರೆಡ್ ಸಾಕ್ಸ್‌ನವರಿಗೂ ಅದೇ ಗತಿ. ಅವರೂ ಡಾರ್ನೆಲ್ ಮೆಕ್‌ಡೊನಾಲ್ಡ್ ಎಂಬ ಫೀಲ್ಡರ್‌ನನ್ನು ಕಳಿಸಿದರು. ಒಂದೇ ಪಂದ್ಯದಲ್ಲಿ ಎರಡೂ ತಂಡ ಹೀಗೆ ಮಾಡಿದ್ದು 1925ರ ನಂತರ ಅದೇ ಮೊದಲು. ಹದಿನೇಳನೇ ಇನ್ನಿಂಗ್ಸ್‌ನಲ್ಲಿ ಮೆಕ್‌ಡೊನಾಲ್ಡ್ ಎಸೆತಕ್ಕೆ ಆಡಮ್ ಜೋನ್ಸ್ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಆಮೇಲೆ ಡೇವಿಸ್ ಸರದಿ. ಇಬ್ಬರು ಎದುರಾಳಿಗಳು ಬೇಸ್ ಮೇಲಿದ್ದಾಗ ಏಡ್ರಿಯನ್ ಗೊನ್ಜಾಲೆಸ್ ಎಂಬ ದೊಡ್ಡ ಬ್ಯಾಟರ್ ಬಂದರು. ಡೇವಿಸ್ ಅವರನ್ನು ಸ್ಟ್ರೈಕ್ ಔಟ್ ಮಾಡಿದರು. ಮುಂದೆ ಬ್ಯಾಟ್ ಹಿಡಿದು ಬಂದವರು ಯಾರು ಗೊತ್ತೇ? ಪಿಚ್ ಮಾಡುತ್ತಿದ್ದ ಅದೇ ಮೆಕ್‌ಡೊನಾಲ್ಡ್! ಅವರು ಹೊಡೆದ ಚೆಂಡಿಗೆ ಇಬ್ಬರು ಔಟ್. ಆರು ಗಂಟೆ ಏಳು ನಿಮಿಷಗಳ ಪಂದ್ಯ 9–6ಕ್ಕೆ ಮುಗಿಯಿತು. ದಿನವಿಡೀ ಬ್ಯಾಟಿನಲ್ಲಿ ಸೊನ್ನೆ ಬರೆಸಿಕೊಂಡವರ ಹೆಸರಿಗೇ ಪಿಚರ್ ಆಗಿ ಗೆಲುವು ದಾಖಲಾಯಿತು. ಮರುವರ್ಷ ಅದೇ ಡೇವಿಸ್ 53 ಹೋಮ್ ರನ್ ಹೊಡೆದರು.

ಅಂಥ ಪಂದ್ಯಗಳು ಈಗ ಕಡಿಮೆ. 2020ರಿಂದ ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಒಬ್ಬ ಓಟಗಾರನನ್ನು ಮೊದಲೇ ಎರಡನೇ ಬೇಸ್‌ನಲ್ಲಿ ನಿಲ್ಲಿಸುತ್ತಾರೆ. ಬೇಗ ರನ್ ಬಂದು ಬೇಗ ಮುಗಿಯಲಿ ಎಂದು. ನನಗಂತೂ ಇದು ಸರಿಬರಲಿಲ್ಲ. ಫೀಲ್ಡರ್‌ಗಳನ್ನು ಪಿಚ್ ಮಾಡಲು ಕಳಿಸುವುದು ವಿಪರೀತವಾದ್ದರಿಂದ 2023ರಲ್ಲಿ ಅದಕ್ಕೂ ಕಡಿವಾಣ ಬಿತ್ತು. ತಂಡ ಎಂಟು ಅಥವಾ ಹೆಚ್ಚು ರನ್ ಹಿಂದಿರಬೇಕು, ಇಲ್ಲವೇ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹತ್ತು ಅಥವಾ ಹೆಚ್ಚು ರನ್ ಮುಂದಿರಬೇಕು, ಅಥವಾ ಆಟ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಗಿರಬೇಕು. ಇದು ನ್ಯಾಯ. ದುಡ್ಡು ಕೊಟ್ಟು ಬಂದವರಿಗೆ ನಿಜವಾದ ಪಿಚರ್‌ಗಳನ್ನು ನೋಡುವ ಹಕ್ಕಿದೆ.

ಫೆನ್‌ವೇಗೆ ಹೋಗುವವರಿಗೆ ಎರಡು ಮಾತು. ಪಂದ್ಯದ ಟಿಕೆಟ್ ಕೊಳ್ಳುವಾಗ ಕಂಬ ಅಡ್ಡ ಬರುವ ಜಾಗವೇ ಎಂದು ವಿಚಾರಿಸಿಕೊಳ್ಳಿ, ಹಳೆಯ ಕಟ್ಟಡವಾದ್ದರಿಂದ ಅಂಥ ಕುರ್ಚಿಗಳು ಬೇಕಾದಷ್ಟಿವೆ. ಯಾವುದಾದರೂ ತಂಡ ಎಂಟು ರನ್ ಹಿಂದೆ ಬಿದ್ದರೆ, ರೈಲಿನಲ್ಲಿ ನೂಕುನುಗ್ಗಲಾಗುತ್ತದೆ ಎಂದು ಬೇಗ ಎದ್ದು ಹೊರಡಬೇಡಿ. ದಿಬ್ಬದ ಕಡೆ ನೋಡುತ್ತಿರಿ.