ನಿಂತು ನಿಂತು ಓಡುವ ಚಿತ್ರ

ಮಕ್ಕಳೇ, ಸಿನಿಮಾದಲ್ಲಿ ಚಿತ್ರಗಳು ಓಡುತ್ತವೆ ಎನ್ನುತ್ತೇವಲ್ಲವೇ? ಓಡಬೇಕಾದರೆ ಅವು ನಿಲ್ಲಬೇಕು ಎಂದು ನಾನು ಕಲಿತದ್ದು ಭದ್ರಾವತಿಯ ಒಂದು ಟಾಕೀಸಿನಲ್ಲಿ. 1982ರಲ್ಲಿ ಅಲ್ಲಿ ಪ್ರೊಜೆಕ್ಟರ್ ಕೋಣೆಯ ಸಹಾಯಕನಾಗಿದ್ದೆ.

ಆಗಿನ ಸಿನಿಮಾ ರೀಲು ಎಂದರೆ ಸ್ಥಿರಚಿತ್ರಗಳ ಉದ್ದನೆಯ ಪಟ್ಟಿ. ಒಂದಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರಗಳು ದೀಪದ ಮುಂದೆ ಬಂದು, ಕ್ಷಣ ನಿಂತು, ಸರಿಯುತ್ತಿದ್ದವು. ಸರಿಯುವಾಗ ಶಟರ್ ಎಂಬ ತಿರುಗುವ ತಗಡು ಬೆಳಕನ್ನು ಮರೆಮಾಡುತ್ತಿತ್ತು. ಆ ಕತ್ತಲೆ ನಮಗೆ ತಿಳಿಯುತ್ತಲೇ ಇರಲಿಲ್ಲ! ನಿಂತ ಚಿತ್ರಗಳನ್ನು ಜೋಡಿಸಿ ಚಲನೆ ಮಾಡಿಕೊಳ್ಳುವುದು ನಮ್ಮ ಮೆದುಳು.

ಒಂದು ದಿನ ರೀಲು ಸುತ್ತುವಾಗ ಫಿಲ್ಮಿನ ಅಂಚಿನ ತೂತುಗಳು ಹರಿದಿರುವುದು ಕಂಡಿತು. ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ. ರಾತ್ರಿ ಆಟದಲ್ಲಿ ಫಿಲ್ಮ್ ಅಲ್ಲಿಯೇ ಸಿಕ್ಕಿಕೊಂಡಿತು. ದೀಪದ ಶಾಖಕ್ಕೆ ತೆರೆಯ ಮೇಲೆ ನಾಯಕನ ಮುಖ ಕಂದಾಗಿ, ಗುಳ್ಳೆಯೆದ್ದು ಕರಗಿತು. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಶಿಳ್ಳೆ ಹಾಕಿದರು. ಬಹಳ ಹಿಂದಿನ ನೈಟ್ರೇಟ್ ಫಿಲ್ಮ್ ಆಗಿದ್ದರೆ ಕೋಣೆಯೇ ಹೊತ್ತಿಕೊಳ್ಳುತ್ತಿತ್ತು. ದಂಡ ತೆತ್ತವರು ನಮ್ಮ ಆಪರೇಟರ್. ತೂತುಗಳನ್ನು ಮೊದಲೇ ಕಂಡಿದ್ದೆನೆಂದು ಅವರಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಅವರು ಮಾತಾಡದೆ ಕತ್ತರಿ, ಅಂಟು ಕೊಟ್ಟು ಫಿಲ್ಮ್ ಜೋಡಿಸಲು ಕಲಿಸಿದರು.

ಆ ಕೈಕೆಲಸ ಮುಂದೆ ಶಿವಮೊಗ್ಗದಲ್ಲಿ ಉಪಯೋಗಕ್ಕೆ ಬಂತು. ಗೆಳೆಯನೊಬ್ಬ ಸೂಪರ್ 8 ಕ್ಯಾಮೆರಾ ತಂದಿದ್ದ. ನಾವೇ ಸಿನಿಮಾ ತೆಗೆಯಲು ಹೊರಟೆವು. 50 ಅಡಿಯ ಸುರುಳಿ; ಸೆಕೆಂಡಿಗೆ 18 ಚಿತ್ರದಂತೆ 3 ನಿಮಿಷ 20 ಸೆಕೆಂಡು ಮಾತ್ರ. ಒಟ್ಟು ಎಷ್ಟು ಚಿತ್ರ, ಲೆಕ್ಕ ಹಾಕಿ ನೋಡಿ. ತುಂಗಾ ತೀರದಲ್ಲಿ ಅಜ್ಜಿಗೆ ನಡೆಯಲು ಹೇಳಿದೆವು. ಫೋಟೋ ಎಂದುಕೊಂಡು ಅವಳು ಅಲುಗಾಡದೆ ನಿಂತಳು. ಆಮೇಲೆ ಗೋಡೆಯ ಮೇಲೆ ನೋಡಿ, "ಓಡೋದು ಎಲ್ಲಿದೆಯೋ?" ಎಂದಳು. ಓಡುತ್ತಿದ್ದುದು ಅವಳ ಹಿಂದಿನ ಹೊಳೆ ಮಾತ್ರ.