ಜೇಡನ ಬಾಕಿ ಕಥೆ

ಸಿನಿಮಾ ಮುಗಿದ ಮೇಲೂ ಕುರ್ಚಿ ಬಿಟ್ಟು ಏಳದ ಹೊಸ ಪ್ರೇಕ್ಷಕ ಕುಲವೊಂದು ನಮ್ಮಲ್ಲಿ ಹುಟ್ಟಿಕೊಂಡಿದೆ. ನಮ್ಮ ಕಾಲದಲ್ಲಿ ಪರದೆಯ ಮೇಲೆ 'ಶುಭಂ' ಬೀಳುವಷ್ಟರಲ್ಲಿ ಅರ್ಧ ಟಾಕೀಸು ಸೈಕಲ್ ಸ್ಟ್ಯಾಂಡಿನಲ್ಲಿರುತ್ತಿತ್ತು. ನಾಯಕ ನಾಯಕಿ ಒಂದಾದರೆಂದು ಗೊತ್ತಾದ ಮೇಲೆ ಅವರನ್ನು ಅವರ ಪಾಡಿಗೆ ಬಿಟ್ಟು ಬರುವುದೇ ಮರ್ಯಾದೆ ಎಂದುಕೊಂಡಿದ್ದೆವು. ಈಗಿನ ಹುಡುಗರು ಹಾಗಲ್ಲ. ಸೂಪರ್‌ಹೀರೊ ಸಿನಿಮಾ ಆದರಂತೂ ದೀಪ ಹತ್ತಿದರೂ ಕದಲುವುದಿಲ್ಲ. ಹೆಸರುಗಳ ಪಟ್ಟಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತಲೇ ಇರುತ್ತದೆ, ಮುಗಿಯುವ ಲಕ್ಷಣವೇ ಇರುವುದಿಲ್ಲ. ಅಷ್ಟೂ ಮುಗಿದ ಮೇಲೆ ಒಂದು ಚೂರು ದೃಶ್ಯ ಬರುತ್ತದಂತೆ, ಅದರಲ್ಲಿ ಮುಂದಿನ ಸಿನಿಮಾದ ಸುಳಿವು ಇರುತ್ತದಂತೆ. 2008ರ 'ಐರನ್ ಮ್ಯಾನ್' ಹಚ್ಚಿದ ಚಟ ಇದು. ಪೊರಕೆ ಹಿಡಿದು ಬಾಗಿಲ ಬಳಿ ನಿಂತ ಕೆಲಸದವರ ಮುಖವನ್ನು ನೀವು ಆಗ ನೋಡಬೇಕು. ಮುಂದಿನ ಷೋಗೆ ಮೊದಲು ಅವರು ಅಷ್ಟೂ ಸಾಲಿನ ಪಾಪ್‌ಕಾರ್ನ್ ಗುಡಿಸಬೇಕು. ಇವರೋ, ಬ್ರಹ್ಮಾಂಡದ ಭವಿಷ್ಯ ತಿಳಿಯದೆ ಏಳುವವರಲ್ಲ.

2023ರ ಜೂನ್ 1ರಂದು 'ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್' ನಮ್ಮ ದೇಶದಲ್ಲಿ ಹತ್ತು ಭಾಷೆಗಳಲ್ಲಿ ತೆರೆಗೆ ಬಂತು, ಅಮೆರಿಕದವರಿಗಿಂತ ಒಂದು ದಿನ ಮುಂಚೆ. ಹತ್ತರಲ್ಲಿ ಕನ್ನಡವೂ ಒಂದು. ನನ್ನ ಸೋದರಳಿಯ ಆಗಷ್ಟೇ ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುತ್ತ ಮನೆಯಲ್ಲಿದ್ದ. ಈ ಸಿನಿಮಾದ ಮೊದಲ ಭಾಗ ಬಂದದ್ದು 2018ರ ಡಿಸೆಂಬರಿನಲ್ಲಿ, ನಮ್ಮ 'ಕೆಜಿಎಫ್' ಮೊದಲ ಅಧ್ಯಾಯ ಬಂದ ಅದೇ ತಿಂಗಳು. ಹುಡುಗ ಆಗ ಎಂಟನೇ ಕ್ಲಾಸು. ಕೆಜಿಎಫ್‌ನ ಎರಡನೇ ಅಧ್ಯಾಯ 2022ರ ಏಪ್ರಿಲ್‌ನಲ್ಲೇ ಬಂದು ಹೋಗಿತ್ತು. ಹೋಗುವಾಗ ಮೂರನೆಯದೂ ಉಂಟೆಂದು ಸನ್ನೆ ಮಾಡಿ ಹೋಯಿತು, ಅದರದು ಬೇರೆಯೇ ಗೋಳು. ಜೇಡನ ಎರಡನೆಯದು ಮಾತ್ರ ನಾಲ್ಕೂವರೆ ವರ್ಷ ಸತಾಯಿಸಿತು. "ಬಾ ಮಾಮ, ಕನ್ನಡದ್ದೇ ಷೋ ಇದೆ" ಎಂದು ಅವನು ಕರೆದಾಗ, ಕಾರ್ಟೂನ್ ಸಿನಿಮಾಕ್ಕೆ ನಾನ್ಯಾಕೋ ಎನ್ನುವುದು ಬಾಯಿತನಕ ಬಂದರೂ, ಕನ್ನಡ ಎಂದ ಒಂದೇ ಕಾರಣಕ್ಕೆ ಹೊರಟೆ. ಬೆಳಗಿನ ಹೊತ್ತಿನ ಷೋ. ತಿಂಡಿ ತಿಂದ ಕೈ ಆರುವ ಮೊದಲೇ ಕುರ್ಚಿಯಲ್ಲಿದ್ದೆವು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1962ರಲ್ಲಿ ಹುಟ್ಟಿಸಿದ ಸ್ಪೈಡರ್-ಮ್ಯಾನ್ ಪೀಟರ್ ಪಾರ್ಕರ್. ಈ ಸಿನಿಮಾದ ನಾಯಕ ಅವನಲ್ಲ, ಮೈಲ್ಸ್ ಮೊರಾಲೆಸ್ ಎಂಬ ಹದಿನೈದರ ಪೋರ. ಬ್ರೂಕ್ಲಿನ್ನಿನವನು, ಅಪ್ಪ ಪೊಲೀಸು, ಅಮ್ಮ ನರ್ಸು. ಲೋಕಗಳು ಅನಂತ, ಲೋಕಕ್ಕೊಬ್ಬ ಜೇಡ ಎಂಬುದು ಇಲ್ಲಿನ ಲೆಕ್ಕ. ಹಾಗೆ ಒಂದು ಲೋಕ ನಮ್ಮದೂ ಆಗಿದೆ. ಮುಂಬೈಗೆ ಮ್ಯಾನ್‌ಹಾಟನ್ ಕಸಿ ಮಾಡಿದ ಊರು ಮುಂಬಟ್ಟನ್, ಅಲ್ಲಿನ ಜೇಡ ಪವಿತ್ರ್ ಪ್ರಭಾಕರ್. ಇವನು 2004ರಲ್ಲೇ ಇಲ್ಲಿನ ಕಾಮಿಕ್ಸಿನಲ್ಲಿ ಹುಟ್ಟಿದವನು. ಆಗ ಧೋತರ ಉಟ್ಟಿದ್ದ, ಯೋಗಿಯೊಬ್ಬರ ಕೃಪೆಯಿಂದ ಶಕ್ತಿ ಪಡೆದಿದ್ದ. ನಾಲ್ಕು ಸಂಚಿಕೆಗೆ ಅವನ ಕಥೆ ಮುಗಿದಿತ್ತು. ಹತ್ತೊಂಬತ್ತು ವರ್ಷದ ಮೇಲೆ ಒಳ್ಳೆ ಕೂದಲು ಬಿಟ್ಟುಕೊಂಡು ಮರಳಿ ಬಂದ.

ಪವಿತ್ರ್ ಬಂದ ಮೇಲೆ ನಮ್ಮ ಥಿಯೇಟರಿಗೆ ಜೀವ ಬಂತು. ಅವನು ಗೆಳೆಯರನ್ನು ಕಟ್ಟಡದಿಂದ ಕಟ್ಟಡಕ್ಕೆ ಜೋಕಾಲಿ ಜೀಕಿಸುತ್ತ ಊರು ತೋರಿಸುತ್ತಾನೆ. ಇಲ್ಲಿ ನೋಡಿ ಟ್ರಾಫಿಕ್ಕು, ಅಲ್ಲೂ ಟ್ರಾಫಿಕ್ಕು, ಬ್ರಿಟಿಷರು ನಮ್ಮ ಸಾಮಾನೆಲ್ಲ ಹೊತ್ತುಕೊಂಡು ಹೋದದ್ದು ಈ ಜಾಗದಿಂದ, ಹೀಗೆ. ಟ್ರಾಫಿಕ್ಕಿನ ಮಾತಿಗೆ ಬಿದ್ದ ನಗು ಬ್ರಿಟಿಷರ ಮಾತಿಗೆ ಬೀಳಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬಂದವರು ಯಾವುದಕ್ಕೆ ನಗಬೇಕೆಂದು ಬಲ್ಲರು. ನನ್ನ ಪಕ್ಕದ ಹುಡುಗಿಯೊಬ್ಬಳು ಅಂಗಿಯ ಮೇಲೆ ಜೇಡದ ಚಿತ್ರ, ಕೈಬೆರಳಿಗೆಲ್ಲ ಕೆಂಪು ನೀಲಿ ಬಣ್ಣ ಹಚ್ಚಿಕೊಂಡು ಬಂದಿದ್ದಳು. ಮೈಲ್ಸ್ ಜೋರಾಗಿ ಓಡಿದಾಗಲೆಲ್ಲ ಅವಳ ಕಾಲು ಮುಂದಿನ ಕುರ್ಚಿಯವರ ಬೆನ್ನಿಗೆ ತಾಗುತ್ತಿತ್ತು. ಅವರೂ ಓಡುತ್ತಿದ್ದರೆಂದು ಕಾಣುತ್ತದೆ, ತಿರುಗಿ ನೋಡಲಿಲ್ಲ.

ಎರಡು ಗಂಟೆ ಇಪ್ಪತ್ತು ನಿಮಿಷ. ಮೈಲ್ಸ್ ತನ್ನ ಅಪ್ಪನನ್ನು ಉಳಿಸಿಕೊಳ್ಳಲು ನೂರಾರು ಜೇಡರಿಂದ ತಪ್ಪಿಸಿಕೊಂಡು ಮನೆ ಸೇರುತ್ತಾನೆ, ಅಮ್ಮನಿಗೆ ಗುಟ್ಟು ಹೇಳುತ್ತಾನೆ, ನೋಡಿದರೆ ಅದು ಅವನ ಮನೆಯೇ ಅಲ್ಲ. ಬೇರೆ ಲೋಕ. ಅಲ್ಲಿ ಅಪ್ಪ ಸತ್ತಿದ್ದಾನೆ, ಸತ್ತ ಚಿಕ್ಕಪ್ಪ ಬದುಕಿದ್ದಾನೆ, ಎದುರಿಗೆ ಇವನದೇ ಮುಖದ ಕೇಡಿಯೊಬ್ಬ ನಿಂತಿದ್ದಾನೆ. ಇತ್ತ ಗೆಳತಿ ಗ್ವೆನ್ ಗೆಳೆಯರ ದಂಡು ಕಟ್ಟಿ ಹೊರಟಳು. ಸಂಗೀತ ಏರಿತು, ಎಲ್ಲರೂ ಕುರ್ಚಿಯ ತುದಿಗೆ ಬಂದೆವು, ಆಗ ಪರದೆ ಹೇಳಿತು: ಮುಂದುವರಿಯುವುದು.

ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ಎದ್ದ ಸದ್ದು ವಿಚಿತ್ರವಾಗಿತ್ತು, ಸಿಳ್ಳೆಯೂ ಬೈಗುಳವೂ ಕಲಸಿಹೋಗಿದ್ದವು. ಹಿಂದಿನ ಸಾಲಿನಿಂದ ಒಬ್ಬ "ಲೇ, ದುಡ್ಡು ವಾಪಸ್ ಕೊಡ್ರೋ" ಎಂದ. ಅವನೇ ಮರುಗಳಿಗೆ ಚಪ್ಪಾಳೆ ಹೊಡೆದ. ಎಂದಿನಂತೆ ಯಾರೂ ಏಳಲಿಲ್ಲ. ಇಷ್ಟಕ್ಕೆ ಬಿಟ್ಟಾರೆಯೇ, ಕೊನೆಯಲ್ಲಿ ಏನೋ ಇದ್ದೇ ಇರುತ್ತದೆ ಎಂದು ಹೆಸರುಗಳ ಪಟ್ಟಿಯನ್ನು ಕಡೆಯ ಅಕ್ಷರದವರೆಗೆ ಓದಿದರು. ದೃಶ್ಯವೇನೂ ಬರಲಿಲ್ಲ. ಪೊರಕೆಯವರು ಬಂದರು.

ಮನೆಯಲ್ಲಿ ನನ್ನ ಅಮ್ಮ, ಅಂದರೆ ಅವನ ಅಜ್ಜಿ, ಊಟಕ್ಕೆ ಬಡಿಸುತ್ತ ಕಥೆ ಕೇಳಿದಳು. ಅವಳಿಗೆ ಮೊಮ್ಮಗ ಹೇಳುವ ಕಥೆಯೆಲ್ಲ ಇಷ್ಟ, ಪೂರ್ತಿ ಹೇಳಬೇಕು ಅಷ್ಟೆ. ಪ್ರತಿಯೊಬ್ಬ ಜೇಡನ ಬಾಳಿನಲ್ಲೂ ಹತ್ತಿರದ ಪೊಲೀಸ್ ಅಧಿಕಾರಿಯೊಬ್ಬ ಸಾಯಲೇಬೇಕು, ತಪ್ಪಿಸಿದರೆ ಲೋಕವೇ ಕುಸಿಯುತ್ತದೆ ಎಂದು ಮಿಗೆಲ್ ಓಹಾರಾ ಎಂಬ ಹಿರಿಯ ಜೇಡ ವಾದಿಸುವುದನ್ನು ಹುಡುಗ ವಿವರಿಸಿದ.

"ಸರಿಯಾಗೇ ಹೇಳಿದಾನಲ್ಲೋ. ಹಣೇಲಿ ಬರೆದದ್ದನ್ನ ತಪ್ಸೋಕ್ಕಾಗತ್ತಾ?" ಎಂದಳು ಅಮ್ಮ.

"ಅಜ್ಜಿ, ಸಾಯೋದು ಮೈಲ್ಸ್‌ನ ಅಪ್ಪ."

"ಅಯ್ಯೋ, ಆ ಮಗು ಅಪ್ಪನ್ನಾ?" ಸಾರಿನ ಸೌಟು ಗಾಳಿಯಲ್ಲೇ ನಿಂತಿತು. "ಹಾಗಾದ್ರೆ ಬಿಡಬಾರ್ದು. ಆಮೇಲೆ?"

"ಆಮೇಲೆ ಇಲ್ಲ ಅಜ್ಜಿ. ಮುಂದಿನ ವರ್ಷ ಮಾರ್ಚ್‌ಗೆ."

ಅಮ್ಮ ಸೌಟನ್ನು ಪಾತ್ರೆಗೆ ಹಾಕಿ ನನ್ನ ಕಡೆ ನೋಡಿದಳು, ಅರ್ಧ ಕಥೆಗೆ ಪೂರ್ತಿ ದುಡ್ಡು ಕೊಟ್ಟು ಬಂದವನು ನಾನೇ ಎಂಬಂತೆ. ಅವಳ ಪಾಲಿಗೆ ನಾಯಕನೆಂದರೆ ರಾಜ್‌ಕುಮಾರ್, ಜೇಡವೆಂದರೆ 1968ರ 'ಜೇಡರ ಬಲೆ'. ದೊರೆ-ಭಗವಾನ್ ಜೋಡಿಯ ಆ ಪತ್ತೇದಾರಿ ಸಿನಿಮಾದಲ್ಲಿ ಅಣ್ಣಾವ್ರು ಸಿಐಡಿ 999. ಜನ ಮೆಚ್ಚಿದರು, ಅದೇ ವರ್ಷ 'ಗೋವಾದಲ್ಲಿ ಸಿಐಡಿ 999' ಬಂತು, ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಕಥೆ ಆಯಾ ಸಿನಿಮಾದಲ್ಲೇ ಮುಗಿಯುತ್ತಿತ್ತು, ಖಳರು ಆಯಾ ಟಿಕೆಟ್ಟಿನ ಬೆಲೆಯೊಳಗೇ ಸಿಕ್ಕಿಬೀಳುತ್ತಿದ್ದರು. ನಾಲ್ಕನೆಯದಾದ 'ಆಪರೇಷನ್ ಡೈಮಂಡ್ ರಾಕೆಟ್' 1978ರವರೆಗೆ ತಡೆಯಿತೆಂಬುದು ನಿಜ. ಆದರೆ ನಡುವಿನ ಆ ವರ್ಷಗಳಲ್ಲಿ ಸಿಐಡಿಯವರು ಎಲ್ಲಿ ಕಟ್ಟಿಹಾಕಿಸಿಕೊಂಡು ಬಿದ್ದಿದ್ದಾರೋ ಎಂದು ಅಮ್ಮ ನಿದ್ದೆಗೆಡಬೇಕಾಗಿ ಬಂದಿರಲಿಲ್ಲ. ಈ ಹುಡುಗನಿಗೆ ಆ ಭಾಗ್ಯವಿಲ್ಲ. ಮೈಲ್ಸ್ ಬೇರೆ ಲೋಕದ ಯಾವುದೋ ಕೋಣೆಯಲ್ಲಿ ಇವತ್ತಿಗೂ ಕಟ್ಟಿಸಿಕೊಂಡೇ ಇದ್ದಾನೆ.

ಕಾಯುವವರು ಸುಮ್ಮನೆ ಕಾಯುತ್ತಾರೆಂದು ತಿಳಿಯಬೇಡಿ. ಮೊದಲ ವಾರಗಳಲ್ಲಿ ಸೋದರಳಿಯ ಮತ್ತವನ ಗೆಳೆಯರು ಮಾಡಿದ ಪತ್ತೇದಾರಿಕೆಗೆ ಸಿಐಡಿ 999 ಕೂಡ ತಲೆದೂಗಬೇಕು. ಒಂದು ಥಿಯೇಟರಿನಲ್ಲಿ ಕಂಡ ಸಿನಿಮಾಕ್ಕೂ ಇನ್ನೊಂದರಲ್ಲಿ ಕಂಡದ್ದಕ್ಕೂ ಅಲ್ಲಲ್ಲಿ ಸಣ್ಣ ವ್ಯತ್ಯಾಸವಿದೆ, ಒಂದೆಡೆ ಇರುವ ಮಾತು ಇನ್ನೊಂದೆಡೆ ಇಲ್ಲ ಎಂದು ಅಭಿಮಾನಿಗಳು ಲೋಕದಾದ್ಯಂತ ಹುಯಿಲೆಬ್ಬಿಸಿದರು. ಮರೆವು ಇರಬೇಕು ಎಂದು ನಾನು ನಕ್ಕಿದ್ದೆ. ಒಂದಕ್ಕಿಂತ ಹೆಚ್ಚು ಆವೃತ್ತಿ ಬಿಡುಗಡೆಯಾದದ್ದು ಹೌದು ಎಂದು ಸಿನಿಮಾ ಮಾಡಿದವರೇ ಆಮೇಲೆ ಒಪ್ಪಿಕೊಂಡರು. ಅಭಿಮಾನಿಗಳ ಕಣ್ಣು ಅಂಥದ್ದು. ಇನ್ನು ಕೆನಡಾದ ಟೊರೊಂಟೊದ ಹದಿನಾಲ್ಕು ವರ್ಷದ ಹುಡುಗನೊಬ್ಬನದು ಕೈಚಳಕ. ಸಿನಿಮಾದ ಟ್ರೇಲರನ್ನು ಲೆಗೊ ಗೊಂಬೆಗಳ ಲೋಕವಾಗಿ ಕಂಪ್ಯೂಟರಿನಲ್ಲಿ ತಾನೇ ಮರುಸೃಷ್ಟಿಸಿದ. ನಿರ್ಮಾಪಕರ ಕಣ್ಣಿಗೆ ಅದು ಬಿತ್ತು. ಸಿನಿಮಾದ ಲೆಗೊ ದೃಶ್ಯ ಮಾಡಲು ಅವನನ್ನೇ ಕರೆದರು, ಮಾಡಿಕೊಟ್ಟ. ಇದನ್ನು ಸೋದರಳಿಯ ಹೇಳಿದ್ದು ಹೆಮ್ಮೆಯಿಂದಲೋ ಹೊಟ್ಟೆಕಿಚ್ಚಿನಿಂದಲೋ ತಿಳಿಯಲಿಲ್ಲ. ಅವನು ಆ ಹೊತ್ತಿಗೆ ಸಿಇಟಿ ರ‍್ಯಾಂಕ್ ಹಿಡಿದು ಕಾಲೇಜುಗಳ ಪಟ್ಟಿಯಲ್ಲಿ ಮುಳುಗಿದ್ದ.

ಮಾರ್ಚ್ ಬರಲಿಲ್ಲ. ಅಂದರೆ ಮಾರ್ಚ್ ಬಂತು, ಸಿನಿಮಾ ಬರಲಿಲ್ಲ. 2023ರ ಜುಲೈನಲ್ಲಿ ಹಾಲಿವುಡ್ಡಿನ ನಟರು ಮುಷ್ಕರ ಹೂಡಿದರು, ಬರಹಗಾರರು ಮೊದಲೇ ಹೂಡಿದ್ದರು. 'ಬಿಯಾಂಡ್ ದ ಸ್ಪೈಡರ್-ವರ್ಸ್' ಎಂಬ ಮೂರನೆಯ ಭಾಗವನ್ನು ಕ್ಯಾಲೆಂಡರಿನಿಂದಲೇ ತೆಗೆದರು. ಮುಷ್ಕರ ಮುಗಿದರೂ ದಿನಾಂಕ ಹುಟ್ಟಲಿಲ್ಲ. 2025ರಲ್ಲಿ ಕೊನೆಗೂ ಹೇಳಿದರು: 2027ರ ಜೂನ್. ಅಭಿಮಾನಿಗಳ ಸಿಟ್ಟು ಕೇಳಬೇಕೆ! ನನ್ನ ಸಹಾನುಭೂತಿ ಮಾತ್ರ ಬೇರೆ ಕಡೆಗಿದೆ. ಎರಡನೆಯ ಭಾಗದ ಕೆಲಸದ ಒತ್ತಡ ತಾಳಲಾರದೆ ಸುಮಾರು 100 ಮಂದಿ ಕಲಾವಿದರು ನಡುವೆಯೇ ಬಿಟ್ಟುಹೋದರೆಂದು ಆಗ ವರದಿಯಾಗಿತ್ತು. ಬಿಡಿಸಿದ್ದನ್ನೇ ಅಳಿಸಿ ಮತ್ತೆ ಬಿಡಿಸುವ ಕೆಲಸ, ವಾರಕ್ಕೆ ಏಳು ದಿನ. ಗ್ವೆನ್‌ಳ ಮನಸ್ಸು ಮುದುಡಿದಾಗ ಅವಳ ಹಿಂದಿನ ಗೋಡೆಯ ಬಣ್ಣ ಇಳಿದು ಹರಿಯುವುದನ್ನು ನೋಡಿ ನಾವು ಆಹಾ ಎಂದೆವಲ್ಲ, ಆ ಬಣ್ಣ ತಾನೇ ತಾನಾಗಿ ಇಳಿದಿರಲಿಲ್ಲ. ಮೂರನೆಯದು ನಾಲ್ಕು ವರ್ಷ ಬಿಟ್ಟು ಬಂದರೂ ಸರಿ, ಬಿಡಿಸುವವರು ರಾತ್ರಿ ಮನೆಗೆ ಹೋಗಿ ಉಂಡು ಮಲಗಲಿ. ಸೋದರಳಿಯನಿಗೆ ಇದನ್ನು ಹೇಳಿದರೆ, "ಮಾಮ, ನೀನು ಅಜ್ಜಿ ಥರ ಆಗ್ತಿದೀಯ" ಎನ್ನುತ್ತಾನೆ.

ಮುಂದುವರಿಕೆ ಎಂಬುದು ಸುಲಭದ ಕೆಲಸವಲ್ಲ ಎಂದು ನಾನು ಹೇಳುವುದಕ್ಕೆ ನಮ್ಮ ಸಾಹಿತ್ಯದಲ್ಲೇ ಸಾಕ್ಷಿಯಿದೆ. ಗದುಗಿನ ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳ ಆಸೆ ಜನಕ್ಕೂ ಇದ್ದಿರಬೇಕು, ಅರಸನಿಗಂತೂ ಇತ್ತು. ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಅದನ್ನು ಪೂರ್ತಿ ಮಾಡಿಕೊಟ್ಟ. ಕಥೆ ಮುಗಿಯಿತು, ಪಾಂಡವರು ಸ್ವರ್ಗ ಸೇರಿದರು, ಲೆಕ್ಕ ಚುಕ್ತಾ. ಆದರೆ ಯಾವ ಊರಿನ ಗಮಕಿಯನ್ನಾದರೂ ಕೇಳಿ, ಹಾಡಲು ಕೂತರೆ ತೆರೆಯುವುದು ಕುಮಾರವ್ಯಾಸನನ್ನೇ. ಪಾಪ ತಿಮ್ಮಣ್ಣ ಕೆಟ್ಟ ಕವಿಯೇನಲ್ಲ. ಅಂಥವನ ನಂತರ ಬರೆಯಲು ಕೂತದ್ದೇ ಅವನ ಗ್ರಹಚಾರ. ಎರಡನೆಯ ಭಾಗ ಇಷ್ಟು ಚೆನ್ನಾಗಿ ಬಂದ ಮೇಲೆ ಮೂರನೆಯದನ್ನು ಮಾಡುವವರ ಎದೆಯೂ ಈಗ ಡವಡವ ಎನ್ನುತ್ತಿರಬೇಕು.

ಸೋದರಳಿಯನ ಬಿ.ಇ. ಮುಗಿಯುವುದೂ 2027ಕ್ಕೇ. ಮೊದಲ ಭಾಗಕ್ಕೆ ಚಡ್ಡಿಯಲ್ಲಿ ಹೋದವನು, ಎರಡನೆಯದಕ್ಕೆ ಮೀಸೆಯ ಗೆರೆ ಹೊತ್ತು ಹೋದವನು, ಮೂರನೆಯದಕ್ಕೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು ಹೋಗುತ್ತಾನೋ ಏನೋ. ಯಾವ ಊರಿನ ಥಿಯೇಟರಿಗೆ ಎಂಬುದೂ ಗೊತ್ತಿಲ್ಲ. ಮೈಲ್ಸ್‌ಗೆ ಮಾತ್ರ ಆಗಲೂ ಹದಿನೈದೇ. ಶುರುವಿನಲ್ಲಿ ಇವನಿಗಿಂತ ದೊಡ್ಡವನಾಗಿದ್ದ, ನಡುವೆ ತಮ್ಮನಾದ, ಇನ್ನು ಮುಂದೆ ಟ್ಯೂಷನ್ ಹೇಳಿಕೊಡಬೇಕಾದ ಪಕ್ಕದ ಮನೆ ಹುಡುಗನಾಗುತ್ತಾನೆ. ಹಿಂದೆಲ್ಲ ದಿನಕ್ಕೊಂದು ಊಹೆ ಹೊತ್ತು ತರುತ್ತಿದ್ದ ಸೋದರಳಿಯ ಈಚೆಗೆ ಆ ಮಾತೆತ್ತುವುದು ಕಡಿಮೆ. ಕೇಳಿದರೆ, "ಬರತ್ತೆ ಬಿಡು ಮಾಮ" ಎನ್ನುತ್ತಾನೆ. ಈಗ ನೆನಪಿಟ್ಟು ಕೇಳುವವಳು ಅಮ್ಮ. "ಆ ಮಗು ಅಪ್ಪ ಏನಾದ್ನೋ?" ಎನ್ನುತ್ತಾಳೆ, ಬೀದಿಯಾಚೆ ಆಸ್ಪತ್ರೆಗೆ ಸೇರಿಸಿದವರನ್ನು ವಿಚಾರಿಸಿದ ಹಾಗೆ. ವಯಸ್ಸಾದವರಿಗೆ ನಾಲ್ಕು ವರ್ಷ ಕಾಯಿರಿ ಎನ್ನುವುದು ಸುಲಭದ ಮಾತಲ್ಲವೆಂದು ಈ ಸಿನಿಮಾ ಮಂದಿಗೆ ಯಾರು ಹೇಳಬೇಕು?

ಮೂರನೆಯ ಭಾಗದಿಂದ ನನಗೆ ಬೇಕಾದದ್ದು ಹೆಚ್ಚೇನಿಲ್ಲ. ಆ ಪೊಲೀಸಪ್ಪ ಬದುಕಲಿ, ಅಮ್ಮನ ಸಲುವಾಗಿ. ಮುಂಬಟ್ಟನ್ನಿನ ಪವಿತ್ರ್‌ಗೆ ನಾಲ್ಕು ಮಾತು ಜಾಸ್ತಿ ಸಿಗಲಿ. ಮೂರನೆಯ ಆಸೆಯೊಂದಿದೆ, ಅದು ಅವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. 2002ರ 'ಸ್ಪೈಡರ್-ಮ್ಯಾನ್' ನಮ್ಮ ಊರಿಗೆ ಬಂದಾಗ ಅವನಿಗೆ ಕನ್ನಡ ಬರುತ್ತಿರಲಿಲ್ಲ. 1960ರ ದಶಕದಲ್ಲಿ ಎಳೆಯದಾಗಿದ್ದ ಚಿತ್ರರಂಗವನ್ನು ಕಾಪಾಡಲು ಹಿರಿಯರು ಡಬ್ಬಿಂಗ್ ಬೇಡವೆಂದಿದ್ದರು. ಆಗಿನ ಮಟ್ಟಿಗೆ ಸರಿಯಾಗಿದ್ದ ಮಾತು ಮಗು ದೊಡ್ಡದಾದ ಮೇಲೂ ಹಾಗೇ ಉಳಿಯಿತು. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ಸಲ್ಲದೆಂದು ಹೇಳಿದ ಮೇಲಷ್ಟೇ ಬಾಗಿಲು ತೆರೆಯಿತು. ಜೇಡ ಕನ್ನಡ ಕಲಿತು ಬಂದ. ಬಂದರೆ, ನಾವು ಕೂತ ಷೋನಲ್ಲಿ ಅರ್ಧ ಕುರ್ಚಿ ಖಾಲಿ. ಪಕ್ಕದ ಪರದೆಯ ಇಂಗ್ಲಿಷ್ ಷೋಗೆ ಹೌಸ್‌ಫುಲ್ ಬೋರ್ಡು. ಥಿಯೇಟರಿನವರು ಲೆಕ್ಕ ನೋಡುವುದು ಟಿಕೆಟ್ಟಿನಲ್ಲಿ, ಅಭಿಮಾನದಲ್ಲಲ್ಲ. ನಿಮ್ಮ ಮನೆಯಲ್ಲೂ ಮೈಲ್ಸ್‌ಗೆ ಕಾಯುತ್ತಿರುವ ಹುಡುಗನೋ ಹುಡುಗಿಯೋ ಇದ್ದರೆ, ಜೊತೆಗೆ ಇಂಗ್ಲಿಷ್ ಬಾರದ ಅಜ್ಜಿಯೊಬ್ಬರಿದ್ದರೆ, 2027ರ ಜೂನ್‌ನಲ್ಲಿ ದಯವಿಟ್ಟು ಕನ್ನಡದ ಷೋಗೇ ಟಿಕೆಟ್ ತೆಗೆಯಿರಿ. ಬೆಳಗಿನ ಷೋ ಆದರೂ ಪರವಾಗಿಲ್ಲ, ತಿಂಡಿ ಬೇಗ ಮುಗಿಸಿಕೊಳ್ಳಿ.