ಏಳು ಹನಿ, ಒಂದು ಹನಿ

ಹುಣಸೂರಿನ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರ ಮನೆಯ ಜಗಲಿಯಲ್ಲಿ ಪುಟ್ಟ ವಿಮಾನವೊಂದು ಬಣ್ಣಕ್ಕಾಗಿ ಕಾದಿತ್ತು. ಹಾಲೆಮರದ ತುಂಡಿನಿಂದ ಅದನ್ನು ಕೆತ್ತಿದವನು ಅವರ ಮೊಮ್ಮಗ. ನಿಜವಾದ ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳ ಹರವು 11 ಮೀಟರಿಗೆ ತುಸು ಹೆಚ್ಚು. 72ರಲ್ಲಿ 1ರ ಪ್ರಮಾಣಕ್ಕೆ ಇಳಿದು ಅದು ಅಂಗೈಯ ಮೇಲೆ ಕುಳಿತಿತ್ತು.

ಹುಡುಗ ಇದನ್ನೇ ಆರಿಸಿಕೊಂಡುದಕ್ಕೆ ಕಾರಣವಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬ್ರಿಟನ್ನಿನ ವಾಯುಪಡೆಯ 129ನೆಯ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರಿತ್ತು. ಸಂಸ್ಥಾನದ ಕೊಡುಗೆಯ ಸ್ಮರಣೆಗಾಗಿ ಬಂದ ಹೆಸರು ಅದು. ಆ ಪಡೆಯ ಲಾಂಛನವೂ ಮೈಸೂರಿನ ಗಂಡಭೇರುಂಡವೇ!

ಹುಡುಗ ಕೆಂಪು ಬಣ್ಣದ ಡಬ್ಬಿಯನ್ನು ತೆರೆದ. ತಾತ ತಡೆದರು. "ಕಾಳಗದ ವಿಮಾನಕ್ಕೆ ಬಣ್ಣ ಬಳಿಯುವುದು ಮೆರೆಯುವುದಕ್ಕಲ್ಲ ಮಗು, ಮರೆಯಾಗುವುದಕ್ಕೆ. ಬೆಟ್ಟದಪುರದ ಬೆಟ್ಟದ ಮೇಲಿಂದ ಪಿರಿಯಾಪಟ್ಟಣದ ಉತ್ತ ಹೊಲಗಳನ್ನು ನೋಡಿದ್ದೀಯಲ್ಲ? ಆ ಮಣ್ಣಿನ ಕಂದು, ಜೊತೆಗೆ ಕಾಡಿನ ಹಸಿರು. ಕೃಷ್ಣರಾಜನಗರದ ಗದ್ದೆಯ ಎಳೆಹಸಿರಲ್ಲ, ಕಡುಹಸಿರು."

ಕಾಳಗ ಕಡಲಿನ ಮೇಲಕ್ಕೆ ಸರಿದಾಗ ಕಂದು ಉಪಯೋಗಕ್ಕೆ ಬಾರದಾಯಿತು. 1941ರ ಆಗಸ್ಟಿನಲ್ಲಿ ಅದರ ಸ್ಥಾನಕ್ಕೆ ಬೂದುಬಣ್ಣ ಬಂತು. ಸಿದ್ಧಬಣ್ಣ ಸಾಲದೆ ಹೋದೆಡೆಗಳಲ್ಲಿ ಏಳು ಪಾಲು ತಿಳಿಬೂದಿಗೆ ಒಂದು ಪಾಲು ಕಪ್ಪು ಬೆರೆಸಿ ಬಳಿದರು.

ಹುಣಸೂರಿನ ಅಂಗಡಿಯಲ್ಲಿ ತಿಳಿಬೂದು ಎಲ್ಲಿ ದೊರೆಯಬೇಕು? ಬಿಳಿಯ ಎನಾಮಲ್ಲಿಗೆ ಕಡ್ಡಿಯ ತುದಿಯಿಂದ ಕಪ್ಪನ್ನು ಸೇರಿಸುತ್ತ ಬಂದರು. ಕಪ್ಪಿಗೆ ಬಿಳಿಯನ್ನು ಸುರಿಯಹೊರಟರೆ ಡಬ್ಬಿಯೆಲ್ಲ ಬರಿದಾದರೂ ಬಣ್ಣ ತಿಳಿಯಾಗದು. ಬಳಿಕ ಹನಿಗೊಳವೆಯಿಂದ ಏಳು ಹನಿ, ಒಂದು ಹನಿ. ಮರದ ಚೂರಿಗೆ ಬಳಿದು, ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಿದರು. ಲೆಕ್ಕ ಸರಿ, ಆದರೂ ಬಣ್ಣ ಭಾರವೆನಿಸಿತು.

"ಹೆಗ್ಗಡದೇವನಕೋಟೆಯ ದಾರಿಯಲ್ಲಿ ದೂರದ ಕಾಡುಬೆಟ್ಟ ಯಾವ ಬಣ್ಣ?"

"ತಿಳಿನೀಲಿ, ತಾತ."

"ಹತ್ತಿರ ಹೋದರೆ?"

"ಹಸಿರು."

ಅರ್ಧ ಮೀಟರು ದೂರದಿಂದ ಈ ವಿಮಾನವನ್ನು ನೋಡುವುದೆಂದರೆ ನಿಜವಾದುದನ್ನು 36 ಮೀಟರು ದೂರದಿಂದ ನೋಡಿದಂತೆ. ನಡುವಿನ ಗಾಳಿ ಬಣ್ಣವನ್ನು ತುಸು ಮಸುಕುಗೊಳಿಸುತ್ತದೆ. ಆ ಗಾಳಿಯ ಪಾಲಿಗೆ ತಾತ ಒಂದು ಹನಿ ಬಿಳಿ ಬಿಟ್ಟರು. ಬೂದು ಹಗುರವಾಯಿತು.

ಎಡರೆಕ್ಕೆ ಮುಗಿಯುವಷ್ಟರಲ್ಲಿ ಬೆರಕೆ ತೀರಿತು. ಸಂಜೆ ತಾತ ಮನೆಯಲ್ಲಿರಲಿಲ್ಲ. ಎರಡು ದಿನ ಕಳೆದರೆ ಶಾಲೆಯ ವಸ್ತುಪ್ರದರ್ಶನ. ಹುಡುಗ ದೀಪದ ಬೆಳಕಿನಲ್ಲಿ ಕಣ್ಣಂದಾಜಿನಿಂದ ಬೆರೆಸಿ ಬಲರೆಕ್ಕೆಗೆ ಬಳಿದ. ಬೆಳಗಾದಾಗ ಎರಡು ರೆಕ್ಕೆಗಳು ಎರಡು ವಿಮಾನಗಳವಾಗಿದ್ದವು.

"ಅಲ್ಲಿಯೂ ಕೈಯಿಂದಲೇ ಬೆರೆಸಿದರಲ್ಲವೇ ತಾತ? ಎಲ್ಲ ಕಡೆಯೂ ಒಂದೇ ಬೂದು ಆಗಿತ್ತೇ?"

ಪ್ರಶ್ನೆ ಜಾಣತನದ್ದೇ. ತಾತ ನಕ್ಕರು. "ವಿಮಾನದಿಂದ ವಿಮಾನಕ್ಕೆ ಬೇರೆಯಾಗಿದ್ದರೆ ಆಶ್ಚರ್ಯವಿಲ್ಲಪ್ಪ. ನಿನ್ನದು ಒಂದೇ ವಿಮಾನ." ಅಷ್ಟು ಹೇಳಿ ಪತ್ರಿಕೆ ಓದಲು ಕುಳಿತರು.

ಹುಡುಗ ಬಹಳ ಹೊತ್ತು ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಹಳೆಯ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸತೊಡಗಿದ. ಒಮ್ಮೆ ಒರೆಸಿದರೆ ಹೋಗುವ ಬಣ್ಣವಲ್ಲ. ಉಜ್ಜಿ ಉಜ್ಜಿ ಮರ ಕಾಣುವಷ್ಟರಲ್ಲಿ ದಿನವೇ ಕಳೆಯಿತು.

ಪ್ರದರ್ಶನದ ಮೇಜಿನ ಮೇಲೆ ವಿಮಾನದ ಬಲರೆಕ್ಕೆ ಬರಿಮರವಾಗಿಯೇ ಇತ್ತು. ಏಕೆಂದು ಕೇಳಿದವರಿಗೆಲ್ಲ ಹುಡುಗ ಬಣ್ಣ ಮೆತ್ತಿದ ಚೀಟಿಯೊಂದನ್ನು ತೋರಿಸಿದ. ಅದರಲ್ಲಿ ಬರೆದಿತ್ತು: ಬೂದು 7, ಕಪ್ಪು 1, ಗಾಳಿ 1.